ನೀರಿಲ್ಲದ ಜ್ಞಾನಸ್ನಾನ

ನಮ್ಮ ಚರ್ಚಿನಲ್ಲಿ ಭಾನುವಾರದ ಜ್ಞಾನೋಪದೇಶದ ಮಕ್ಕಳಿಗೆ ನಾನು ಪಾಠ ಹೇಳಲು ಶುರುಮಾಡಿದಾಗ ನನ್ನ ಜಡೆ ಇನ್ನೂ ಕಪ್ಪಗಿತ್ತು. ಈಗ ಆ ಮಕ್ಕಳ ಮಕ್ಕಳು ಬಂದು ಮುಂದೆ ಕೂರುತ್ತಾರೆ. ಎಲ್ಲ ಪಾಠಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದಿದೆ. ಕೂಸೊಂದು ಸಾಯುವ ಸ್ಥಿತಿಯಲ್ಲಿದ್ದು, ಫಾದರ್ ಬರುವಷ್ಟು ಹೊತ್ತಿಲ್ಲದಿದ್ದರೆ, ಯಾರು ಬೇಕಾದರೂ ಅದಕ್ಕೆ ಜ್ಞಾನಸ್ನಾನ ಕೊಟ್ಟು ಕ್ರೈಸ್ತ ಮಗುವನ್ನಾಗಿ ಮಾಡಬಹುದು. ನರ್ಸು ಕೊಡಬಹುದು, ಆಟೋದವನು ಕೊಡಬಹುದು, ಕ್ರೈಸ್ತರಲ್ಲದವರೂ ಕೊಡಬಹುದು. ತಲೆಯ ಮೇಲೆ ನೀರು ಹೊಯ್ಯಬೇಕು, ಹೊಯ್ಯುತ್ತಲೇ ಮಾತು ಹೇಳಬೇಕು, ಚರ್ಚು ಏನು ಮಾಡುತ್ತದೋ ಅದನ್ನೇ ನಾನೂ ಮಾಡುತ್ತಿದ್ದೇನೆ ಎಂಬುದು ಮನಸ್ಸಿನಲ್ಲಿರಬೇಕು. ಅಷ್ಟೇ. ಒಂದು ಪ್ಲಾಸ್ಟಿಕ್ ಗೊಂಬೆ, ಒಂದು ಚೊಂಬು ನೀರು ಇಟ್ಟುಕೊಂಡು ಪ್ರತಿ ಮಗುವಿನ ಕೈಯಲ್ಲೂ ಮಾಡಿಸುತ್ತಿದ್ದೆ. ಆ ಗೊಂಬೆ ಎಷ್ಟು ಸಲ ಕ್ರೈಸ್ತನಾಯಿತೋ ದೇವರೇ ಬಲ್ಲ. ಇಷ್ಟು ವರ್ಷದಲ್ಲಿ ಆ ಪಾಠ ಯಾರಿಗೂ ಬೇಕಾಗಿ ಬಂದಿರಲಿಲ್ಲ.

ನಾನು ಮದುವೆಯಾಗಲಿಲ್ಲ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ತಮ್ಮ ಇನ್ನೂ ಚಡ್ಡಿ ಹಾಕುವ ಹುಡುಗ. ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಮಾಡಿಕೊಂಡು ಅವನನ್ನು ಸಾಕಿದೆ. ಅವನು ಸೋಂಪುರದ ಕಾರ್ಖಾನೆಗೆ ಸೇರಿದ. ಅಲ್ಲೇ ಪ್ಯಾಕಿಂಗ್ ಕೆಲಸಕ್ಕಿದ್ದ ಹುಡುಗಿಯನ್ನು ಮೆಚ್ಚಿದ. ಹುಡುಗಿ ದೊಡ್ಡಬೆಳವಂಗಲದ ಕಡೆಯ ಒಕ್ಕಲು ಮನೆತನದವಳು. ನಾನು ಒಂದಷ್ಟು ದಿನ ಮುಖ ಊದಿಸಿಕೊಂಡಿದ್ದೆ, ಆಮೇಲೆ ಹುಡುಗಿಯನ್ನು ನೋಡಿದ ಮೇಲೆ ಊದಿಸಿಕೊಳ್ಳುವುದು ಕಷ್ಟವಾಯಿತು. ಧರ್ಮಾಧ್ಯಕ್ಷರ ಅನುಮತಿ ತರಿಸಿ ಚರ್ಚಿನಲ್ಲೇ ಮದುವೆ ಮಾಡಿದೆವು. ಅವಳು ತನ್ನ ಧರ್ಮದಲ್ಲೇ ಉಳಿದಳು. ಹುಟ್ಟುವ ಮಕ್ಕಳಿಗೆ ಜ್ಞಾನಸ್ನಾನ ಕೊಡಿಸುತ್ತೇನೆ ಎಂದು ನನ್ನ ತಮ್ಮ ಫಾದರ್ ಮುಂದೆ ಮಾತು ಕೊಟ್ಟ. ಜ್ಞಾನತಾಯಿ ಯಾರು ಎಂದು ಯಾರೂ ಕೇಳಲಿಲ್ಲ. ನಾನೇ ಎಂದು ಎಲ್ಲರಿಗೂ ಗೊತ್ತಿತ್ತು.

ಬೇರೆಯವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಜ್ಞಾನತಾಯಿ ಎಂದರೆ ಜ್ಞಾನಸ್ನಾನದ ತೊಟ್ಟಿಯ ಹತ್ತಿರ ಮಗುವನ್ನು ಎತ್ತಿಕೊಂಡು ನಿಲ್ಲುವವಳು, ನಾಳೆ ಆ ಮಗುವಿನ ನಂಬಿಕೆಗೆ ನಾನು ಹೊಣೆ ಎನ್ನುವವಳು. ಹೆರದವಳ ಪಾಲಿಗೆ ತಾಯಿ ಅನ್ನಿಸಿಕೊಳ್ಳಲು ಇರುವ ಬಾಗಿಲು ಅದೊಂದೇ. ನೀರು ಬಿದ್ದ ಕೂಡಲೆ ಮಗು ಬೆಚ್ಚುತ್ತದೆ, ಬೆಚ್ಚಿ ನಮ್ಮ ರವಿಕೆಯನ್ನು ಹಿಡಿದುಕೊಳ್ಳುತ್ತದೆ. ಬೇರೆಯವರ ಮಕ್ಕಳಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೆ. ನನ್ನ ರವಿಕೆಗೂ ಆ ಹಿಡಿತ ಬೇಕಾಗಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಅವರೆಕಾಯಿಯ ಕಾಲದಲ್ಲಿ ತಮ್ಮನ ಹೆಂಡತಿ ಹೆರಿಗೆಗೆಂದು ತವರಿಗೆ ಹೋದಳು. ನೋಡಲು ಹೋದೆ. ಬೀಗಿತ್ತಿ, ಅಂದರೆ ಅವಳ ತಾಯಿ, ಜಗಲಿಯಲ್ಲಿ ಕಾಯಿಯ ರಾಶಿ ಹಾಕಿಕೊಂಡು ಸುಲಿಯುತ್ತಿದ್ದರು. ನನಗಿಂತ ಒಂದೆರಡು ವರ್ಷ ದೊಡ್ಡವರು, ಗಂಡನಿಲ್ಲ, ಎರಡು ಹಸು, ಒಂದಿಷ್ಟು ರಾಗಿ ಹೊಲ, ಮಾತು ಕಡಿಮೆ. ಮಾತು ಕಡಿಮೆಯವರ ಮುಂದೆ ನನ್ನ ಬಾಯಿ ಇನ್ನೂ ಜೋರಾಗುತ್ತದೆ. ಬಸುರಿಯನ್ನು ಕೂರಿಸಿಕೊಂಡು ನನ್ನ ಮೆಚ್ಚಿನ ಪಾಠವನ್ನು ಶುರುಮಾಡಿದೆ. ಮಗುವಿನ ತಾಯಿಗೆ ಇದು ಗೊತ್ತಿರಬೇಕಲ್ಲ. ಬೀಗಿತ್ತಿ ಕಾಳು ಸುಲಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದರು.

"ಯಾವ ನೀರು ಟೀಚರಮ್ಮ? ನಲ್ಲಿ ನೀರು ಆಗ್ತದಾ?"

"ಆಗುತ್ತೆ ಅಕ್ಕಾ."

"ಬೋರ್‌ವೆಲ್ ನೀರು?"

"ನೀರಾದ್ರೆ ಸಾಕು."

"ಕ್ಯಾನ್ ನೀರೂ ಆಗ್ತದೆ ಅನ್ನಿ."

ನಾನು ನಕ್ಕೆ. ಅವರು ನಗಲಿಲ್ಲ. ಕಾಯಿಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದರು. "ನೀರು ಹಾಕ್ಸಿದ್ಮೇಲೆ ಮಗು ನಮ್ಮನೇಗೆ ಬರ್ಬೋದಾ? ಸಂಕ್ರಾಂತಿಗೆ, ಗೌರಿ ಹಬ್ಬಕ್ಕೆ? ಇಲ್ಲಾ ನಿಮ್ಮೋರು ಬೇಡ ಅಂತಾರಾ?"

"ಅಯ್ಯೋ, ಅಜ್ಜಿ ಮನೆಗೆ ಬರ್ಬೇಡ ಅನ್ನೋಕೆ ನಾವ್ಯಾರು" ಎಂದೆ. ಹೇಳಿದ್ದು ನಿಜ. ಆದರೆ ಅವರು ಎಷ್ಟು ಹೆದರಿಕೆಯಿಂದ ಕೇಳಿದರು ಎಂಬುದರ ಮೇಲೆ ನನ್ನ ಗಮನವಿರಲಿಲ್ಲ. ನನ್ನ ತಲೆಯಲ್ಲಿ ಆಗಲೇ ಬಿಳಿ ಅಂಗಿಯ ಅಳತೆ ಓಡುತ್ತಿತ್ತು.

ಗಂಡು ಮಗು ಹುಟ್ಟಿತು. ಬಾಣಂತನ ಮುಗಿಸಿಕೊಂಡು ಬರಲಿ, ಆಮೇಲೆ ಜ್ಞಾನಸ್ನಾನ ಎಂದುಕೊಂಡೆವು. ಆದರೆ ಬಿಸಿಲು ಏರುವ ಹೊತ್ತಿಗೆ ಕೂಸಿಗೆ ನೆಗಡಿಯಾಯಿತು, ನೆಗಡಿ ಎದೆಗಿಳಿಯಿತು. ಒಂದು ಮಧ್ಯಾಹ್ನ ಪಕ್ಕೆ ಸೆಳೆಯಲು ಶುರುವಾಗಿ, ಹಾಲು ಕುಡಿಯುವುದನ್ನೇ ಬಿಟ್ಟಿತು. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ನೋಡಿದವರು ತಡಮಾಡಬೇಡಿ, ಬೆಂಗಳೂರಿಗೆ ಹೋಗಿ ಎಂದು ಆಂಬುಲೆನ್ಸಿಗೆ ಹತ್ತಿಸಿದರು. ಒಳಗೆ ತಾಯಿ, ಮಗು, ಬೀಗಿತ್ತಿ. ತಮ್ಮ ಶಿಫ್ಟಿನಲ್ಲಿದ್ದ, ಅವನ ಫೋನು ಲಾಕರಿನಲ್ಲಿತ್ತು. ನಾನು ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎರಡೇ ಯೋಚನೆ. ಮಗು ಉಳಿಯಬೇಕು. ಉಳಿಯದಿದ್ದರೆ ನೀರು ಬೀಳದೆ ಹೋಗಬಾರದು. ಎರಡನೆಯದನ್ನು ಯೋಚಿಸಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ನಾನು ಹೋಗುವಷ್ಟರಲ್ಲಿ ದೇವರು ಕಣ್ಣು ಬಿಟ್ಟಿದ್ದ. ಇನ್ನು ಹೆದರಿಕೆಯಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಬೀಗಿತ್ತಿ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು, ಸೆರಗಿನ ತುದಿ ಒದ್ದೆಯಾಗಿತ್ತು. ನನ್ನನ್ನು ಕಂಡು ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದರು.

"ಅಕ್ಕಾ, ಆಮೇಲೆ ಹೇಳಿ, ಮೊದ್ಲು ಮಗು ನೋಡ್ತೀನಿ" ಎಂದು ಅವರನ್ನು ದಾಟಿಕೊಂಡು ಒಳಗೆ ಹೋದೆ. ಆಮೇಲೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗು ಉಳಿದ ಮನೆಯಲ್ಲಿ ಯಾರಿಗೆ ಏನು ನೆನಪಿರುತ್ತದೆ.

ಮಳೆ ಶುರುವಾದ ಮೇಲೆ ತಾಯಿ ಮಗು ನಮ್ಮ ಮನೆಗೆ ಬಂದರು. ನಮ್ಮ ಫಾದರ್ ನನ್ನ ತಮ್ಮನಿಗಿಂತ ಚಿಕ್ಕವರು, ಆದರೆ ನಿಯಮದ ವಿಷಯದಲ್ಲಿ ಮುದುಕರಿಗಿಂತ ಗಟ್ಟಿ. ಜ್ಞಾನಸ್ನಾನಕ್ಕೆ ಮೊದಲು ತಂದೆ ತಾಯಿ, ಜ್ಞಾನತಂದೆ, ಜ್ಞಾನತಾಯಿ ಎಲ್ಲರೂ ಶನಿವಾರದ ತರಗತಿಗೆ ಬಂದು ಕೂರಲೇಬೇಕು. ನನಗೂ ವಿನಾಯಿತಿ ಕೊಡಲಿಲ್ಲ. ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದನ್ನು ಮಕ್ಕಳ ಬೆಂಚಿನ ಮೇಲೆ ಕೂತು ಕೇಳಬೇಕಾಯಿತು. ಆ ದಿನ ಬೀಗಿತ್ತಿಯೂ ಬಂದಿದ್ದರು. ಮಗು ಅತ್ತರೆ ಎತ್ತಿಕೊಳ್ಳಲು ಎಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದರು. ದೇವಸ್ಥಾನಕ್ಕೆ ಬಂದ ಹಾಗೆ ಮರ್ಯಾದೆಗೆ ಇರಬೇಕು ಎಂದುಕೊಂಡು ಒಳಗೊಳಗೇ ಮೆಚ್ಚಿಕೊಂಡೆ.

ಜ್ಞಾನಸ್ನಾನ ಜೀವಮಾನದಲ್ಲಿ ಒಂದೇ ಸಲ, ಒಮ್ಮೆ ಸರಿಯಾಗಿ ಕೊಟ್ಟರೆ ಮತ್ತೆ ಕೊಡುವಂತಿಲ್ಲ, ಅಳಿಸುವಂತೆಯೂ ಇಲ್ಲ ಎಂದು ಫಾದರ್ ಹೇಳುತ್ತಿದ್ದರು. ತುರ್ತಿನಲ್ಲಿ ಯಾರು ಕೊಟ್ಟರೂ ಅದು ಜ್ಞಾನಸ್ನಾನವೇ ಎಂದರು. ಹಿಂದಿನಿಂದ ಬೆಂಚು ಸರಿದ ಸದ್ದಾಯಿತು.

"ಸ್ವಾಮ್ಗಳೇ, ಹಂಗಾರೆ ಇವನಿಗೆ ಆಗೋಗದೆ."

ಎಲ್ಲರೂ ತಿರುಗಿದೆವು. ಬೀಗಿತ್ತಿ ಎದ್ದು ನಿಂತಿದ್ದರು, ಮಗು ಅವರ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

ಫಾದರ್ ತರಗತಿ ಮುಗಿಸಿ ನಮ್ಮನ್ನಷ್ಟೇ ತಮ್ಮ ಕೋಣೆಗೆ ಕರೆದರು. ಅಲ್ಲಿ ನಿಧಾನವಾಗಿ ಎಲ್ಲ ಹೊರಗೆ ಬಂತು. ಯಲಹಂಕದ ಹತ್ತಿರ ಆಂಬುಲೆನ್ಸು ಗಾಡಿಗಳ ಮಧ್ಯೆ ಸಿಕ್ಕಿಕೊಂಡಿತ್ತು. ಮಗುವಿನ ತುಟಿ ನೀಲಿಯಾಗಿತ್ತು. ತಾಯಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಜೊತೆಗಿದ್ದ ಆಸ್ಪತ್ರೆಯ ಹುಡುಗ ಡ್ರೈವರನ್ನು ಕೂಗುತ್ತಿದ್ದ. ಬೀಗಿತ್ತಿ ಚೀಲದಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು, ಮಗುವಿನ ನೆತ್ತಿಯ ಮೇಲೆ ನೀರು ಹೊಯ್ದು, ಸೆರಗಿನಿಂದ ಒರೆಸಿದ್ದರು.

"ನೀರು ಹರೀತಾ, ಬರೀ ಒದ್ದೆ ಕೈ ಇಟ್ರಾ?" ಫಾದರ್ ಕೇಳಿದರು.

"ಹರೀತು ಸ್ವಾಮಿ. ಕಿವಿ ತಾವ ಇಳೀತು."

"ಏನಂತ ಹೇಳಿದ್ರಿ?"

"ಟೀಚರಮ್ಮ ಹೇಳಿಕೊಟ್ಟಂಗೇ. ಪಿತನ, ಸುತನ, ಪವಿತ್ರಾತ್ಮನ ಹೆಸರಲ್ಲಿ ನಾನು ನಿಂಗೆ ಜ್ಞಾನಸ್ನಾನ ಕೊಡ್ತೀನಿ ಕಂದಾ ಅಂದೆ."

ನನ್ನ ಬಾಯಿ ಸುಮ್ಮನಿರಲಿಲ್ಲ. "ಕಂದ ಅನ್ನೋದು ಅದ್ರಲ್ಲಿ ಇಲ್ಲ ಫಾದರ್" ಎಂದೆ.

"ಅಜ್ಜಿ ಮಗುನ ಮತ್ತೇನಂತ ಕರೀಬೇಕಿತ್ತು ಟೀಚರ್?"

"ಸಂಶಯ ಇದ್ರೆ, ಮೊದ್ಲು ಆಗಿಲ್ದಿದ್ರೆ ಅನ್ನೋ ಷರತ್ತಿನ ಮೇಲೆ ಇನ್ನೊಂದ್ಸಲ ಕೊಡ್ಬೋದಲ್ಲ. ನಿಯಮ ಇದೆ."

"ಇದೆ. ಆದ್ರೆ ಸಂಶಯ ಯಾರಿಗಿದೆ?" ಎಂದು ನನ್ನನ್ನೇ ಒಂದು ಕ್ಷಣ ನೋಡಿ, ಬೀಗಿತ್ತಿಯ ಕಡೆ ತಿರುಗಿದರು. "ಅಮ್ಮಾ, ಹೊಯ್ಯೋವಾಗ ನಿಮ್ಮ ಮನಸ್ಸಲ್ಲಿ ಏನಿತ್ತು? ಗಾಬರಿಯಲ್ಲಿ ಸುಮ್ನೆ ನೀರು ತಟ್ಟಿದ್ದಾ, ಇಲ್ಲಾ ನಮ್ಮ ಚರ್ಚಲ್ಲಿ ಮಾಡೋದನ್ನೇ ಮಾಡ್ಬೇಕು ಅಂತಾನಾ?"

ಬೀಗಿತ್ತಿ ಮಗುವನ್ನು ಮಗಳ ಕೈಗೆ ಕೊಟ್ಟರು. ಆಮೇಲೆ ತಲೆಯ ಮೇಲಿನ ಸೆರಗನ್ನು ತೆಗೆದರು. ತಲೆ ಬೋಳಾಗಿತ್ತು, ಆಗಷ್ಟೇ ಚಿಗುರಿದ ಕೂದಲು, ಅರ್ಧ ಬಿಳಿ. ತಮ್ಮನ ಹೆಂಡತಿ "ಅಮ್ಮಾ" ಎಂದು ಕೂಗಿದಳು. ಅವಳಿಗೂ ಗೊತ್ತಿರಲಿಲ್ಲ.

"ಮಗು ಉಳುದ್ರೆ ಅವನ ಮುಡಿ ಕೊಡುಸ್ತೀನಿ ಅಂತ ತಿರುಪತಿಗೆ ಹರಕೆ ಹೊತ್ತಿದ್ದೆ ಸ್ವಾಮಿ. ಮೊದ್ಲು ಹರಕೆ ಹೊತ್ತೆ, ಆಮೇಲೆ ಈ ನೀರು ಹೊಯ್ದೆ. ಉಳೀತು. ಆದ್ರೆ ನೀರು ಬಿದ್ದ ಮೇಲೆ ಅವನು ಇವರ ದೇವರ ಮಗು ಆದ. ಅವನ ಕೂದ್ಲು ನಾನು ಹೆಂಗೆ ಕೊಡ್ಲಿ? ಅದುಕ್ಕೇ ಹೋದ ವಾರ ನಾನೇ ಹೋಗಿ ನನ್ದು ಕೊಟ್ಟು ಬಂದೆ."

ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು. "ಇದಕ್ಕಿಂತ ಸರಿಯಾಗಿ ನಾನೂ ಯಾರಿಗೂ ಜ್ಞಾನಸ್ನಾನ ಕೊಟ್ಟಿಲ್ಲ ಟೀಚರ್" ಎಂದರು. ಮಗುವಿಗೆ ಇನ್ನು ನೀರು ಹಾಕುವಂತಿಲ್ಲ, ಉಳಿದದ್ದನ್ನು ಚರ್ಚಿನಲ್ಲಿ ಪೂರೈಸೋಣ ಎಂದು ತೀರ್ಮಾನ ಹೇಳಿದರು.

ನಾನು ಒಳ್ಳೆಯವಳಂತೆ ಆಗ ಬೀಗಿತ್ತಿಯನ್ನು ತಬ್ಬಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಬೋಳು ತಲೆ ನೋಡಿ ಅಯ್ಯೋ ಅನ್ನಿಸಿದ್ದು ನಿಜ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹೊಟ್ಟೆ ಉರಿದದ್ದೂ ನಿಜ. ಆ ರಾತ್ರಿ ಅನ್ನ ಸೇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ತಮ್ಮನ ಮುಂದೆ ಫಾದರನ್ನು ಬೈದೆ. ಅವನು ನಗುತ್ತ, "ಅಕ್ಕಾ, ಪಾಠ ಹೇಳ್ಕೊಟ್ಟೋಳು ನೀನೇ ಅಲ್ವಾ" ಎಂದ. ನನ್ನ ಶಿಷ್ಯರಲ್ಲಿ ಪರೀಕ್ಷೆ ಪಾಸಾದವರು ಬೀಗಿತ್ತಿಯೊಬ್ಬರೇ ಎಂಬುದು ನನಗೆ ಆಗ ಹೊಳೆಯಿತು, ಹೊಳೆದದ್ದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಭಾನುವಾರ ಪೂಜೆಯಲ್ಲಿ ಮಗುವನ್ನು ಎತ್ತಿಕೊಂಡು ನಾನು ನಿಂತೆ. ಎಣ್ಣೆ ಹಚ್ಚಿದರು, ಬಿಳಿ ವಸ್ತ್ರ ಹೊದಿಸಿದರು, ಮೇಣದಬತ್ತಿ ಹೊತ್ತಿಸಿ ನನ್ನ ತಮ್ಮನ ಕೈಗೆ ಕೊಟ್ಟರು. ತೊಟ್ಟಿಯ ಮುಚ್ಚಳ ತೆಗೆಯಲೇ ಇಲ್ಲ. ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. "ನೀರಿಲ್ದೆ ಇದೆಂಥ ಜ್ಞಾನಸ್ನಾನ" ಎಂದು ಒಬ್ಬಾಕೆ ನನಗೆ ಕೇಳಲಿ ಎಂದೇ ಹೇಳಿದಳು. ಹಿಂದಿನ ದಿನದವರೆಗೆ ನಾನೂ ಅದನ್ನೇ ಅನ್ನುತ್ತಿದ್ದೆ. ಆದರೆ ನನ್ನ ಮನೆಯ ಮಾತನ್ನು ಬೇರೆಯವರು ಆಡಿದರೆ ನನಗೆ ಆಗುವುದಿಲ್ಲ. ತಿರುಗಿ, "ನೀರು ಆಗಿದೆ ಕಣಮ್ಮ, ಅವರಜ್ಜಿ ಹಾಕಿದಾರೆ" ಎಂದೆ. ದನಿ ಸ್ವಲ್ಪ ಜೋರಾಯಿತು, ಮೈಕಿಗೂ ಕೇಳಿಸಿರಬೇಕು.

ಫಾದರ್ ನಕ್ಕು, ಬೀಗಿತ್ತಿಯನ್ನು ಮುಂದೆ ಕರೆದು ನನ್ನ ಪಕ್ಕ ನಿಲ್ಲಿಸಿದರು. ಆಮೇಲೆ ಸಭೆಯ ಕಡೆ ತಿರುಗಿ, ಈ ತಂದೆ ತಾಯಿಗೆ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನೀವೆಲ್ಲ ಒತ್ತಾಸೆಯಾಗಿ ನಿಲ್ಲುತ್ತೀರಾ ಎಂದು ಕೇಳಿದರು. ನಿಲ್ಲುತ್ತೇವೆ ಎಂದು ಸೂರು ಹಾರುವ ಹಾಗೆ ಕೂಗಿದರು. ಕೇಕು, ಬಿರಿಯಾನಿ ಇನ್ನೂ ಬಾಕಿಯಿತ್ತಲ್ಲ.

ಫಾದರ್ ಆ ಕೂಗನ್ನು ಹಾಗೇ ಬಿಡುವವರಲ್ಲ. ಜ್ಞಾನಸ್ನಾನವಾದ ಮಗುವಿನ ಮನೆಗೆ ಒಂದು ವರ್ಷ ಪ್ರತಿ ಶುಕ್ರವಾರ ಸಂಜೆ ನೆರೆಯ ಕುಟುಂಬಗಳು ಹೋಗಿ ಮಣಿ ಎಣಿಸುತ್ತ ಜಪಸರದ ಪ್ರಾರ್ಥನೆ ಹೇಳಬೇಕು, ತಾಯಿಯ ಕಷ್ಟಸುಖ ಕೇಳಬೇಕು ಎಂದು ನಮ್ಮಲ್ಲಿ ಅವರೇ ರೂಢಿ ಮಾಡಿದ್ದರು. ಮೊದಲ ತಿಂಗಳು ನಮ್ಮ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಮ್ಮನ ಹೆಂಡತಿ ಟೀ ಸೋಸಿ ಸೋಸಿ ಸೋತಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬಂತೆ, ಹಾಡು ಬೇರೆ. ಆಮೇಲೆ ಒಬ್ಬರಿಗೆ ಮದುವೆ ಮನೆ, ಇನ್ನೊಬ್ಬರಿಗೆ ಮಗನ ಟ್ಯೂಷನ್, ಮತ್ತೊಬ್ಬರಿಗೆ ಮಂಡಿ ನೋವು. ದೀಪಾವಳಿಯ ಹೊತ್ತಿಗೆ ಬರುವವರನ್ನು ಎಣಿಸಲು ಒಂದು ಕೈಯ ಬೆರಳೂ ಹೆಚ್ಚಾಯಿತು. ಕಾನ್ವೆಂಟಿನ ಸಿಸ್ಟರ್ ಒಬ್ಬರು ಬರುತ್ತಿದ್ದರು, ಹಾಡುವ ತಾತ ಒಬ್ಬರು ಬರುತ್ತಿದ್ದರು. ಮತ್ತೆ ಬೀಗಿತ್ತಿ.

ಬೀಗಿತ್ತಿಯನ್ನು ಯಾರೂ ಕರೆದಿರಲಿಲ್ಲ. ಮಧ್ಯಾಹ್ನ ಹಸುವಿನ ಕೆಲಸ ಮುಗಿಸಿ, ಸಂಜೆ ಹಾಲು ಕರೆಯಲು ಪಕ್ಕದ ಮನೆಯವಳಿಗೆ ಹೇಳಿ, ಬಸ್ಸು ಹತ್ತಿ ಬರುತ್ತಿದ್ದರು. ಚೀಲದಲ್ಲಿ ಮೊಸರು, ಸೊಪ್ಪು, ಏನಾದರೊಂದು. ಮೊಮ್ಮಗನನ್ನು ನೋಡಲು ಬರುತ್ತಾರೆ ಎಂದುಕೊಂಡಿದ್ದೆ. ಜಪಸರದ ಹೊತ್ತಿನಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬಾಗಿಲ ಹತ್ತಿರ ಕೂರುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ.

ಮಗುವಿಗೆ ವರ್ಷ ತುಂಬಿದ ಮೇಲೆ ಒಂದು ಶುಕ್ರವಾರ ಮಳೆ ಹಿಡಿದುಕೊಂಡಿತು. ಸಿಸ್ಟರ್ ಬರಲಿಲ್ಲ, ತಾತನೂ ಬರಲಿಲ್ಲ. ತಮ್ಮ ಶಿಫ್ಟಿನಲ್ಲಿದ್ದ. ನನಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಈ ವಾರ ಬಿಟ್ಟುಬಿಡೋಣ ಎಂದು ಸನ್ನೆ ಮಾಡಿದೆ. ಆಗ ಬಾಗಿಲ ಹತ್ತಿರದಿಂದ ಬೀಗಿತ್ತಿಯ ದನಿ ಬಂತು. "ನಮೋ ಮರಿಯಾ" ಎಂದು ಶುರುಮಾಡಿ, ಹೊಲದಲ್ಲಿ ಪದ ಹೇಳುವ ರಾಗದಲ್ಲಿ, ಎಲ್ಲೂ ತಡವರಿಸದೆ ಹೇಳಿಕೊಂಡು ಹೋದರು. ಅವರ ಮಗಳು ಮೊದಲು ದಿಗಿಲುಬಿದ್ದು ನೋಡಿದಳು, ಆಮೇಲೆ ಅವಳೂ ದನಿಗೂಡಿಸಿದಳು. ನಾನು ಮಣಿ ಎಣಿಸುತ್ತ ಕೂತೆ. ನನ್ನ ಮನೆಯಲ್ಲಿ ಆ ದಿನ ಬಾಯಿಬಿಟ್ಟು ಜಪಸರ ಹೇಳಿದವರಲ್ಲಿ ಒಬ್ಬರೂ ಕ್ರೈಸ್ತರಿರಲಿಲ್ಲ. ಅಷ್ಟು ಸಮಾಧಾನ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಮಳೆ ನಿಂತ ಮೇಲೆ ಅವರನ್ನು ಬಸ್ಸಿಗೆ ಬಿಡಲು ಹೋದೆ. ಇನ್ನೂ ಬೆಳಕಿತ್ತು. ತಂಗುದಾಣದ ಕಲ್ಲು ಬೆಂಚು ಒದ್ದೆಯಾಗಿದ್ದರಿಂದ ಇಬ್ಬರೂ ನಿಂತುಕೊಂಡೆವು. ಬಿಸಿನೀರು ಕುಡಿದು ದನಿ ಸ್ವಲ್ಪ ಬಿಟ್ಟಿತ್ತು. ವರ್ಷದಿಂದ ಒಳಗಿದ್ದ ಪ್ರಶ್ನೆಯನ್ನು ಕೇಳಿದೆ.

"ಅಕ್ಕಾ, ಆವತ್ತು ನೀವು ನಿಮ್ಮ ದೇವರಿಗೆ ಹರಕೆ ಹೊತ್ತಿದ್ರಿ. ಅಲ್ಲಿಗೆ ಮುಗೀತಲ್ಲ. ಮತ್ತೆ ನಮ್ಮ ನೀರು ಯಾಕೆ ಹೊಯ್ದ್ರಿ? ನೀರು ಬಿದ್ರೆ ಮಗು ಕೈತಪ್ಪುತ್ತೆ ಅಂತ ನಿಮಗೇ ಹೆದ್ರಿಕೆ ಇತ್ತಲ್ಲ."

ಅವರು ರಸ್ತೆಯ ಕಡೆ ನೋಡುತ್ತಿದ್ದರು. "ಹರಕೆ ಮಗು ಉಳೀಲಿ ಅಂತ ಟೀಚರಮ್ಮ" ಎಂದರು. "ನೀರು ಅದಕ್ಕಲ್ಲ."

"ಮತ್ತೆ?"

"ಉಳಿಯಲ್ಲ ಅನ್ನುಸ್ಬಿಟ್ಟಿತ್ತು. ತುಟಿ ಆ ಬಣ್ಣಕ್ಕೆ ತಿರುಗಿದ್ದ ಕೂಸು ಉಳಿದಿದ್ದು ನಾನು ಕಂಡಿರ್ಲಿಲ್ಲ. ನೀವು ಬಸ್ಸಲ್ಲಿ ಬರ್ತಾವ್ರೆ ಅಂತ ಮಗ್ಳು ಫೋನಲ್ಲಿ ಕೇಳಿ ಹೇಳುದ್ಲು. ನೀವು ಓಡ್ಕೊಂಡು ಬಂದು ನನ್ನೇ ಕೇಳ್ತಿದ್ರಿ, ಅಕ್ಕಾ ನೀರು ಬಿತ್ತಾ ಅಂತ. ಮಗು ಇಲ್ಲ ಅಂತ್ಲೂ ಹೇಳಿ, ನೀರೂ ಬೀಳ್ಲಿಲ್ಲ ಅಂತ ಹೇಳೋಕೆ ನನ್ ಕೈಲಿ ಆಯ್ತಿರ್ಲಿಲ್ಲ ಕಣಮ್ಮ. ಒಂದಾದ್ರೂ ನಿಮ್ಗೆ ಇರ್ಲಿ ಅಂತ ಹೊಯ್ದೆ."

ಬಸ್ಸು ಬಂತು. ಅವರು ಚೀಲ ಹಿಡಿದುಕೊಂಡು ಹತ್ತಿದರು. ಕಿಟಕಿಯಿಂದ ಕೈ ಬೀಸಿ, ಮಗುವಿಗೆ ತಲೆ ಚೆನ್ನಾಗಿ ಒರೆಸಿ ಮಲಗಿಸಿ ಎಂದು ಕೂಗಿ ಹೇಳಿದರು. ನಾನು ತಲೆಯಾಡಿಸಿದೆ. ಆ ನೀರನ್ನು ಅವರು ನನ್ನಿಂದ ಕಸಿದುಕೊಂಡರು ಎಂದು ವರ್ಷವಿಡೀ ಅಂದುಕೊಂಡಿದ್ದೆ, ಅವರು ಅದನ್ನು ಹೊಯ್ದದ್ದೇ ನನಗಾಗಿ.